ವರ್ಷವಿಡೀ ಕಚೇರಿ ಕೇಳಿದ್ದಾಯಿತು, ಈಗ ಹಿಂತಿರುಗಿ ನೋಡುವುದು ಹೇಗೆ?

ಪ್ರಶ್ನೆ: ಕಳೆದ ಯುಗಾದಿಯಿಂದ ಈ ಯುಗಾದಿಗೆ ಬೆಂಗಳೂರಿನಲ್ಲಿ ಐವತ್ತರ ಹತ್ತಿರ ಕರ್ನಾಟಕ ಸಂಗೀತದ ಕಚೇರಿ ಕೇಳಿದ್ದೇನೆ. ಸಂಗೀತ ಕಲಿತವನಲ್ಲ. ಈಗ ನೋಡಿದರೆ ಯಾರು ಎಲ್ಲಿ ಏನು ಹಾಡಿದರು ಎಂಬುದೆಲ್ಲ ಕಲಸುಮೇಲೋಗರ. ಬರೆದಿಟ್ಟ ಪುಸ್ತಕದಲ್ಲಿ ‘ಅದ್ಭುತ’, ‘ಪರವಾಗಿಲ್ಲ’ ಬಿಟ್ಟರೆ ಹೆಚ್ಚೇನಿಲ್ಲ. ಈ ವರ್ಷದಿಂದ ಏನಾದರೂ ಹೊರತೆಗೆಯಬಹುದೇ? ಮುಂದಿನ ವರ್ಷ ಹೇಗೆ ಕೇಳಲಿ?

ಉತ್ತರ:

ಹೊರತೆಗೆಯಬಹುದು, ಆದರೆ ‘ಅದ್ಭುತ’ದಿಂದ ಏನೂ ಹೊರಡುವುದಿಲ್ಲ. ಆ ಪುಸ್ತಕ ಪಕ್ಕಕ್ಕಿಡಿ. ಆಮಂತ್ರಣ ಪತ್ರಿಕೆ, ಟಿಕೆಟ್ಟು, ವಾಟ್ಸಾಪಿಗೆ ಬಂದ ಪೋಸ್ಟರು, ಫೋನಿನಲ್ಲಿ ತೆಗೆದ ವೇದಿಕೆಯ ಪಟ, ಇವನ್ನೆಲ್ಲ ಒಟ್ಟು ಮಾಡಿದರೆ ದಿನಾಂಕ, ಜಾಗ, ಮುಖ್ಯ ಕಲಾವಿದರು, ಪಕ್ಕವಾದ್ಯದವರು ಯಾರೆಂಬುದು ಸಿಕ್ಕೇ ಸಿಗುತ್ತದೆ. ಈಗ ಎಷ್ಟೋ ಸಭಾಗಳು ಕಚೇರಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿ ಹಾಗೇ ಬಿಟ್ಟಿರುತ್ತವೆ. ಅಂಥವು ಸಿಕ್ಕರೆ ಪೂರ್ತಿ ಕೇಳಲು ಕೂರಬೇಡಿ. ತನಿ ಆವರ್ತನ (ಮೃದಂಗ ಮೊದಲಾದ ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಎಲ್ಲಿದೆ ನೋಡಿ, ಅದಕ್ಕೆ ಮುಂಚೆ ಹಾಡಿದ್ದೇ ಅಂದಿನ ಪ್ರಧಾನ ಕೃತಿ. ಅದರ ರಾಗ, ತಾಳ, ರಚನೆ ಯಾರದು, ಇಷ್ಟನ್ನೇ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಐವತ್ತು ಕಚೇರಿಗೆ ಐವತ್ತು ಸಾಲು. ಮೂವತ್ತು ಸಿಕ್ಕರೂ ಸಾಕು.

ಈ ಸಾಲುಗಳನ್ನು ದಿನಾಂಕದ ಕ್ರಮದಲ್ಲಿ ಇಡಬೇಡಿ, ರಾಗದ ಪ್ರಕಾರ ಜೋಡಿಸಿ. ಕಲಾವಿದರ ಹೆಸರಿನ ಪ್ರಕಾರ ಜೋಡಿಸಿದರೆ ಅಭಿಮಾನ ಅಡ್ಡ ಬರುತ್ತದೆ. ರಾಗದ ಪ್ರಕಾರ ಇಟ್ಟಾಗ ಬಹುಮಟ್ಟಿಗೆ ಮತ್ತೆ ಮತ್ತೆ ಬರುವುದು ತೋಡಿ, ಭೈರವಿ, ಕಾಂಭೋಜಿ, ಕಲ್ಯಾಣಿ, ಶಂಕರಾಭರಣ, ಖರಹರಪ್ರಿಯ, ಪೂರ್ವಿಕಲ್ಯಾಣಿ, ಷಣ್ಮುಖಪ್ರಿಯ, ಇಂಥವೇ. ಮೂಲರಾಗಗಳಾದ ಮೇಳಕರ್ತಗಳು 72 ಇದ್ದರೂ, ಅವುಗಳಿಂದ ಹುಟ್ಟಿದ ಜನ್ಯರಾಗಗಳು ನೂರಾರಿದ್ದರೂ, ಪ್ರಧಾನದ ಜಾಗಕ್ಕೆ ಬರುವವು ಕೆಲವೇ. ಅರ್ಧ ಗಂಟೆ ಆಲಾಪನೆ (ಸಾಹಿತ್ಯವಿಲ್ಲದೆ ರಾಗವನ್ನು ಹರಡುವುದು), ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ವರ (ಸರಿಗಮವನ್ನು ಅಲ್ಲೇ ಕಟ್ಟಿ ಹಾಡುವುದು) ಎಲ್ಲವನ್ನೂ ತಡೆದುಕೊಳ್ಳುವಷ್ಟು ಹರವು ಬೇಕಲ್ಲ! ಹಾಗಾಗಿ ಕಲಿಯದೇ ಇದ್ದವರು ಇನ್ನೂರು ರಾಗ ಗುರುತಿಸಲು ಒದ್ದಾಡುವ ಬದಲು ಈ ಎಂಟು ಹತ್ತನ್ನು ಗಟ್ಟಿ ಮಾಡಿಕೊಂಡರೆ ಕಚೇರಿಯ ಅರ್ಧ ಸಮಯ ಕೈವಶವಾದಂತೆ. ನಿಮ್ಮ ಪಟ್ಟಿಯಲ್ಲಿ ತೋಡಿ ನಾಲ್ಕು ಸಲ ಇದೆ ಅಂದುಕೊಳ್ಳಿ. ಆ ನಾಲ್ಕರ ಆಲಾಪನೆಯನ್ನು ಮಾತ್ರ ಬೆನ್ನು ಬೆನ್ನಿಗೆ ಒಂದೇ ಸಂಜೆ ಕೇಳಿ. ಯಾರು ಗಾಂಧಾರದ (‘ಗ’ ಸ್ವರದ) ಮೇಲೆ ನಿಂತರು, ಯಾರು ತಾರಸ್ಥಾಯಿಗೆ ಎಷ್ಟು ನಿಮಿಷಕ್ಕೆ ಹೋದರು, ಪಿಟೀಲಿನವರು ಅದೇ ದಾರಿ ಹಿಡಿದರೋ ಬೇರೆ ಹಿಡಿದರೋ, ಬರೆದುಕೊಳ್ಳಿ. ವರ್ಷಪೂರ್ತಿ ಓಡಾಡಿದ್ದಕ್ಕೆ ನಿಜವಾದ ಫಲ ಸಿಗುವುದು ಈ ಒಂದು ಸಂಜೆಯಲ್ಲಿ.

ಇನ್ನು ಮುಂದಿನ ವರ್ಷದ ಪುಸ್ತಕ. ಜೇಬಿಗೆ ಹಿಡಿಯುವಂಥದ್ದು, ಒಂದು ಕಚೇರಿಗೆ ಎದುರುಬದುರು ಎರಡೇ ಪುಟ. ಪೆನ್ಸಿಲ್ ಇಟ್ಟುಕೊಳ್ಳಿ, ತಿದ್ದುವುದು ಇದ್ದೇ ಇರುತ್ತದೆ. ಫೋನಿನಲ್ಲಿ ಬರೆಯುವುದು ಬೇಡ, ಕತ್ತಲ ಸಭಾಂಗಣದಲ್ಲಿ ಹಿಂದಿನ ಮೂರು ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ಮೇಲೆ ದಿನಾಂಕ, ಜಾಗ, ಎಷ್ಟನೇ ಸಾಲಿನಲ್ಲಿ ಕೂತಿದ್ದಿರಿ, ಪಕ್ಕವಾದ್ಯದವರ ಹೆಸರು. ಕೆಳಗೆ ಹಾಡಿದ ಪ್ರತಿಯೊಂದಕ್ಕೂ ಒಂದು ಸಾಲು: ಶುರುವಾದ ಸಮಯ, ರಾಗ, ತಾಳ, ಅಂಕಿತ (ರಚನೆಕಾರರ ಮುದ್ರೆಯ ಹೆಸರು). ಪಕ್ಕದಲ್ಲಿ ಆಲಾಪನೆ ಇದ್ದರೆ ‘ಆ’, ನೆರವಲ್ ಇದ್ದರೆ ‘ನೆ’, ಕಲ್ಪನಾಸ್ವರಕ್ಕೆ ‘ಸ್ವ’, ತನಿಗೆ ‘ತ’. ರಾಗ ಖಾತ್ರಿಯಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಲೇಬೇಕು. ಊಹೆಯನ್ನು ಖಾತ್ರಿಯಂತೆ ಬರೆದಿಟ್ಟರೆ ವರ್ಷದ ಕೊನೆಗೆ ಪಟ್ಟಿಯೇ ಸುಳ್ಳಾಗುತ್ತದೆ. ಪಕ್ಕದವರನ್ನು ಕೇಳುವುದಿದ್ದರೆ ಆ ಕೃತಿ ಮುಗಿದ ಮೇಲೆ ಕೇಳಿ, ಆಲಾಪನೆಯ ನಡುವೆ ಅಲ್ಲ. ಪಕ್ಕದವರು ಹೇಳಿದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕಿ! ಬೆಂಗಳೂರಿನ ಸಭಾಗಳಲ್ಲಿ ಆತ್ಮವಿಶ್ವಾಸಕ್ಕೆ ಬರವಿಲ್ಲ.

ರಚನೆ ಯಾರದು ಎಂಬುದಕ್ಕೆ ಯಾರನ್ನೂ ಕೇಳಬೇಕಿಲ್ಲ, ಸಾಮಾನ್ಯವಾಗಿ ಕೊನೆಯ ಭಾಗವಾದ ಚರಣದಲ್ಲಿ ಅಂಕಿತ ಬರುತ್ತದೆ. ತ್ಯಾಗರಾಜರು ತಮ್ಮ ಹೆಸರನ್ನೇ ಇಡುತ್ತಾರೆ. ‘ಗುರುಗುಹ’ ಬಂದರೆ ಮುತ್ತುಸ್ವಾಮಿ ದೀಕ್ಷಿತರು, ‘ಶ್ಯಾಮಕೃಷ್ಣ’ ಎಂದರೆ ಶ್ಯಾಮಾಶಾಸ್ತ್ರಿಗಳು, ‘ಪದ್ಮನಾಭ’ ಬಂದರೆ ಬಹುತೇಕ ಸ್ವಾತಿ ತಿರುನಾಳ್, ‘ವಾಸುದೇವ’ ಬಂದರೆ ಮೈಸೂರು ವಾಸುದೇವಾಚಾರ್ಯರು, ‘ಶ್ರೀವಿದ್ಯಾ’ ಬಂದರೆ ಜಯಚಾಮರಾಜ ಒಡೆಯರು. ಪುರಂದರವಿಠಲ, ಕಾಗಿನೆಲೆಯಾದಿಕೇಶವ ನಮಗೆ ಹೇಗೂ ಗೊತ್ತು. ದೀಕ್ಷಿತರಲ್ಲಿ ಇನ್ನೊಂದು ಉಪಕಾರವಿದೆ. ಬಹಳಷ್ಟು ಕೃತಿಗಳ ಸಾಹಿತ್ಯದೊಳಗೇ ರಾಗದ ಹೆಸರನ್ನು ಪದವಾಗಿ ಹೊಸೆದುಬಿಟ್ಟಿರುತ್ತಾರೆ, ಕಿವಿ ತೆರೆದಿದ್ದರೆ ಉತ್ತರ ಅಲ್ಲೇ ಸಿಗುತ್ತದೆ.

ರಾಗ ಗುರುತಿಸುವಾಗ ಹೊಸಬರು ಎಡವುವುದು ಒಂದಕ್ಕೊಂದು ಹತ್ತಿರದ ಜೋಡಿಗಳಲ್ಲಿ. ಶಂಕರಾಭರಣಕ್ಕೂ ಕಲ್ಯಾಣಿಗೂ ಇರುವ ವ್ಯತ್ಯಾಸ ಮಧ್ಯಮ (‘ಮ’) ಒಂದೇ: ಮೊದಲನೆಯದಕ್ಕೆ ಶುದ್ಧ, ಎರಡನೆಯದಕ್ಕೆ ಪ್ರತಿ. ಕಾಂಭೋಜಿಯ ಆರೋಹಣದಲ್ಲಿ ನಿಷಾದ (‘ನಿ’) ಇಲ್ಲ, ಅದರ ಜನಕವಾದ ಹರಿಕಾಂಭೋಜಿಯಲ್ಲಿದೆ. ಆರಭಿ, ದೇವಗಾಂಧಾರಿ ಎರಡಕ್ಕೂ ಸ್ವರಗಳು ಒಂದೇ, ನಡಿಗೆ ಬೇರೆ. ಆರಭಿ ಚುರುಕಾಗಿ ನೇರ ನಡೆಯುತ್ತದೆ, ದೇವಗಾಂಧಾರಿ ತೂಗುತ್ತ ಎಳೆಯುತ್ತ ಬರುತ್ತದೆ. ಇಂಥ ಜೋಡಿಗಳನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು, ಒಂದು ಸಿಕ್ಕಾಗ ಇನ್ನೊಂದನ್ನು ಮನೆಗೆ ಬಂದು ಕೇಳಿ.

ತಾಳ ಹಾಕುವುದು ಕಲಿಯಿರಿ. ಇದು ರಾಗಕ್ಕಿಂತ ಸುಲಭ, ಫಲ ಬೇಗ. ಆದಿತಾಳಕ್ಕೆ ಎಂಟು ಅಕ್ಷರ (ಎಣಿಕೆ): ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಎಂದರೆ ಅಂಗೈ ಮೇಲೆ ತಿರುಗಿಸುವುದು). ಎರಡು ಕಳೆಯಾದರೆ ಪ್ರತಿಯೊಂದೂ ಎರಡೆರಡು ಸಲ. ಮಿಶ್ರಛಾಪು ಏಳು (ಮೂರು ಮತ್ತು ನಾಲ್ಕು), ಖಂಡಛಾಪು ಐದು (ಎರಡು ಮತ್ತು ಮೂರು). ರೂಪಕವನ್ನು ಕಚೇರಿಯಲ್ಲಿ ಸಾಮಾನ್ಯವಾಗಿ ಎರಡು ಪೆಟ್ಟು ಒಂದು ಹುಸಿಯಾಗಿ ಹಾಕುತ್ತಾರೆ. ಈ ನಾಲ್ಕು ಬಂದರೆ ಬಹುಪಾಲು ಕೃತಿಗಳಿಗೆ ಸಾಕು. ಲೆಕ್ಕ ತಪ್ಪುವುದು ಎಡುಪಿನಲ್ಲಿ, ಅಂದರೆ ಸಾಹಿತ್ಯ ಎತ್ತಿಕೊಳ್ಳುವ ಜಾಗದಲ್ಲಿ. ಎಷ್ಟೋ ಕೃತಿಗಳು ಸಮದಲ್ಲಿ (ತಾಳದ ಮೊದಲ ಪೆಟ್ಟಿನಲ್ಲಿ) ಶುರುವಾಗದೆ ಅರ್ಧ ಅಕ್ಷರವೋ ಒಂದೂವರೆಯೋ ಬಿಟ್ಟು ಎತ್ತಿಕೊಳ್ಳುತ್ತವೆ. ಸಾಹಿತ್ಯ ಶುರುವಾದ ಜಾಗವನ್ನೇ ಮೊದಲ ಪೆಟ್ಟು ಎಂದುಕೊಂಡರೆ ಕೊನೆವರೆಗೂ ತಪ್ಪು. ಗಾಯಕರ ಕೈ ನೋಡಿ ಹಿಡಿದುಕೊಳ್ಳಿ. ಹಾಕುವಾಗ ತೊಡೆಯ ಮೇಲೆ ಸದ್ದಿಲ್ಲದೆ ಹಾಕಿ, ಕುರ್ಚಿಯ ಕೈಗೆ ಉಂಗುರ ತಾಗಿಸಬೇಡಿ.

ತಾಳ ಬಂತೆಂದರೆ ತನಿ ಆವರ್ತನ ಕಾಫಿ ಸಮಯವಾಗಿ ಉಳಿಯುವುದಿಲ್ಲ. ತನಿ ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ನಡೆಯುತ್ತದೆ, ಇದರಷ್ಟು ಒರಟು ನಡವಳಿಕೆ ನಮ್ಮ ಸಭಾಗಳಲ್ಲಿ ಬೇರೊಂದಿಲ್ಲ. ಒಳಗೆ ನಡೆಯುವುದು ಹೀಗೆ: ಮೃದಂಗದವರು ಒಂದು ಸುತ್ತು, ಘಟವೋ ಖಂಜಿರವೋ ಇದ್ದರೆ ಅವರು ಒಂದು ಸುತ್ತು, ಬಹುಶಃ ನಡೆ (ಒಂದು ಅಕ್ಷರದೊಳಗಿನ ಲೆಕ್ಕ) ಬದಲಿಸಿ ತಿಶ್ರವೋ (ಮೂರು) ಖಂಡವೋ (ಐದು). ಆಮೇಲೆ ಕೊರಪು, ಅಂದರೆ ಸರದಿಯ ಮೇಲೆ ಒಬ್ಬರಿಗೊಬ್ಬರು ಉತ್ತರ ಕೊಡುವುದು. ಸರದಿಯ ಉದ್ದ ಎರಡು ಆವರ್ತದಿಂದ (ಆವರ್ತ ಎಂದರೆ ತಾಳದ ಒಂದು ಪೂರ್ತಿ ಸುತ್ತು) ಒಂದಕ್ಕೆ, ಅರ್ಧಕ್ಕೆ, ಕಾಲು ಆವರ್ತಕ್ಕೆ ಇಳಿಯುತ್ತ ಬರುತ್ತದೆ. ಕೊನೆಗೆ ಇಬ್ಬರೂ ಕೂಡಿ ಮೋಹರ (ಮುಕ್ತಾಯಕ್ಕೆ ಮುಂಚಿನ ನಿಗದಿತ ಜತಿಮಾದರಿ), ಆಮೇಲೆ ಕೋರ್ವೆ (ಮುಕ್ತಾಯದ ಲೆಕ್ಕದ ಕಟ್ಟು). ಕೋರ್ವೆ ಮೂರು ಸಲ ಬರುತ್ತದೆ. ಮೂರನೆಯದು ನೇರ ಕೃತಿಯ ಎಡುಪಿಗೆ ಬಂದು ಬೀಳಬೇಕು, ಅಲ್ಲಿ ಗಾಯಕರು ಸಾಹಿತ್ಯ ಎತ್ತಿಕೊಳ್ಳುತ್ತಾರೆ. ನೀವು ತಾಳ ಬಿಡದೆ ಹಾಕಿದ್ದರೆ ಆ ಜಾಗ ನಿಮ್ಮ ಕೈಯಲ್ಲೇ ಇರುತ್ತದೆ. ಪುಸ್ತಕದಲ್ಲಿ ‘ತ’ದ ಪಕ್ಕ ಎಷ್ಟು ನಿಮಿಷ ಎಂದು ಬರೆಯಿರಿ. ಹತ್ತು ಹದಿನೈದು ನಿಮಿಷ ಸಿಕ್ಕಿತೋ, ‘ಬೇಗ ಮುಗಿಸಿ’ ಎಂದು ಐದಕ್ಕೆ ತಳ್ಳಿದರೋ ಎಂಬುದು ಆ ಕಚೇರಿಯ ಬಗ್ಗೆ ಬಹಳ ಹೇಳುತ್ತದೆ.

ಎಲ್ಲಿ ಕೂರಬೇಕು? ಮೊದಲ ಎರಡು ಮೂರು ಸಾಲಿನಲ್ಲಿ ಸಭೆಗೆಂದು ಇಟ್ಟ ಸ್ಪೀಕರಿನ ಧ್ವನಿ ತಲೆಯ ಮೇಲಿಂದ ಹೋಗಿಬಿಡುತ್ತದೆ. ಕಿವಿಗೆ ಬೀಳುವುದು ಕಲಾವಿದರಿಗೆಂದು ಇಟ್ಟ ಮಾನಿಟರಿನ ಮಿಶ್ರಣ, ಅದರಲ್ಲಿ ಮೃದಂಗವೇ ಜೋರಾಗಿರಬಹುದು. ಬಾಲ್ಕನಿಯ ಅಡಿ ಕೂತರೆ ಪಿಟೀಲಿನ ಹೊಳಪು ಮಂಕಾಗುತ್ತದೆ. ಸಭಾಂಗಣದ ಉದ್ದದ ಮೂರನೇ ಒಂದು ಭಾಗದಷ್ಟು ಹಿಂದೆ, ಎರಡೂ ಸ್ಪೀಕರಿಗೆ ಸಮದೂರದಲ್ಲಿ ಕೂತರೆ ಸಾಮಾನ್ಯವಾಗಿ ಚೆನ್ನ. ಕೈ ನೋಡಿ ಕಲಿಯುವ ಆಸೆಯಿದ್ದರೆ ಸ್ವಲ್ಪ ಎಡಕ್ಕೆ ಸರಿಯಿರಿ. ವೇದಿಕೆಯನ್ನು ನೋಡುವ ನಮಗೆ ಮೃದಂಗ ಎಡಗಡೆ, ಪಿಟೀಲು ಬಲಗಡೆ ಇರುವುದು ರೂಢಿ, ಆಗ ಮೃದಂಗದ ಕರಣೆಯ (ಕಪ್ಪು ಲೇಪವಿರುವ ಬಲ) ಮುಖ ಸಭೆಯ ಕಡೆಗಿರುತ್ತದೆ. ಎಡಗೈಯಲ್ಲಿ ಬಲಮುಖ ನುಡಿಸುವವರಾದರೆ ಇದು ಅದಲುಬದಲಾಗುತ್ತದೆ. ಮೃದಂಗ ವಿದ್ವಾಂಸ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಹಾಗೆ ನುಡಿಸುತ್ತಿದ್ದವರು.

ಮೈಕಾಸುರನ ಹಾವಳಿ ನಮ್ಮಲ್ಲಿ ಕಡಿಮೆಯಿಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಎಂಬ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ. ಎರಡೂವರೆ ಗಂಟೆಯ ಕಚೇರಿಗೆ 91 ಆಗಲೇ ಹೆಚ್ಚಾಯಿತು. ಒಂದು ಮಾರು ದೂರದವರ ಜತೆ ಮಾತಾಡಲು ಕೂಗಬೇಕಾಗಿ ಬಂದರೆ ಜಾಗ ಬದಲಿಸಿ. ಹೊರಬಂದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಅದನ್ನೂ ಬರೆಯಿರಿ. ಒಂದೇ ಜಾಗದ ಹೆಸರು ಮೂರು ಸಲ ಬಂದರೆ ಅಲ್ಲಿ ಕೊನೆಯ ಸಾಲೇ ಗತಿ.

ಜಾಗದ ಹೆಸರು ಬರೆಯಲು ಇನ್ನೊಂದು ಕಾರಣ ಹವೆ. ಮೃದಂಗ ಚರ್ಮದ ವಾದ್ಯ. ಏಸಿಯ ಒಣ ಹವೆಗೆ ಬಿಗಿದು ಶ್ರುತಿ ಏರುತ್ತದೆ, ಮಳೆಯ ತೇವಕ್ಕೆ ಸಡಿಲಿ ಇಳಿಯುತ್ತದೆ. ಎಡಮುಖಕ್ಕೆ ಮೆತ್ತಿದ ರವೆ ಒಣಗಿದರೆ ಗುಂಕಾರ ಹೋಗುತ್ತದೆ. ಮೃದಂಗವನ್ನಾದರೂ ಕಲ್ಲಿನಿಂದ ತಟ್ಟಿ ಶ್ರುತಿ ಮಾಡಬಹುದು. ಘಟಕ್ಕೆ ಆ ಸೌಲಭ್ಯವೂ ಇಲ್ಲ, ಬಡಿದು ಬಿಗಿಸಲಾಗದು, ಬೇರೆ ಶ್ರುತಿಗೆ ಬೇರೆ ಘಟವೇ ಬೇಕು. ಮೃದಂಗದವರು ಎರಡು ಕೃತಿಗಳ ನಡುವೆ ಕಲ್ಲಿನಿಂದ ತಟ್ಟುತ್ತ ಕೂತದ್ದನ್ನು ಕಂಡು ‘ಸಿದ್ಧತೆಯಿಲ್ಲ’ ಎಂದು ಬರೆಯುವ ಮುಂಚೆ ಇದನ್ನು ನೆನೆಯಿರಿ. ಹಾಗಾಗಿ ಮೆಚ್ಚಿದ ಕಲಾವಿದರನ್ನು ವರ್ಷದಲ್ಲಿ ಎರಡು ಬೇರೆ ಜಾಗದಲ್ಲಿ ಕೇಳಿ: ಒಮ್ಮೆ ಚೌಡಯ್ಯ ಸ್ಮಾರಕ ಭವನದಂಥ ಮುಚ್ಚಿದ ಸಭಾಂಗಣ, ಒಮ್ಮೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲು. 1939ರಿಂದ ನಡೆದು ಬಂದಿರುವ ಆ ಪೆಂಡಾಲಿನಲ್ಲಿ ಬಸ್ಸಿನ ಹಾರನ್ನೂ ಪಕ್ಕವಾದ್ಯವೇ, ಆದರೂ ಕಲಾವಿದರು ಅಲ್ಲಿ ಬಿಚ್ಚಿ ಹಾಡುವುದೇ ಬೇರೆ.

ಬಯಲಿನ ಕಚೇರಿಗೆ ಒಂದು ಗಡುವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರ ಮೇಲೆ, ವಿಶೇಷ ಅನುಮತಿಯ ದಿನಗಳನ್ನು ಬಿಟ್ಟರೆ, ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಭಾಷಣ ಸನ್ಮಾನಗಳು ನುಂಗಿದ ಅರ್ಧ ಗಂಟೆಗೆ ದಂಡ ತೆರುವುದು ಕೊನೆಯ ದೇವರನಾಮ, ತಿಲ್ಲಾನಗಳು. ಅವುಗಳಿಗಾಗಿಯೇ ಹೋಗುವವರು ಭಾಷಣವಿರುವ ಉದ್ಘಾಟನೆಯ ದಿನ, ಸಮಾರೋಪದ ದಿನ ಬಿಟ್ಟು ನಡುವಿನ ದಿನ ಆರಿಸಿಕೊಳ್ಳುವುದು ಲೇಸು.

ಸಂಖ್ಯೆ ಐವತ್ತೇ ಇರಬೇಕೆಂದಿಲ್ಲ. ಒಂದರ ಹಿಂದೊಂದು ಕೇಳುತ್ತ ಹೋದರೆ ಬರೆದದ್ದನ್ನು ಮರುದಿನ ತಿದ್ದಲು ಬಿಡುವಿರುವುದಿಲ್ಲ. ತಿದ್ದದ ಪುಟ ‘ಅದ್ಭುತ’ಕ್ಕಿಂತ ಮೇಲೇನಲ್ಲ. ಮೂವತ್ತಕ್ಕೆ ಇಳಿಸಿ, ಆದರೆ ಪ್ರತಿಯೊಂದನ್ನೂ ಶುರುವಿನ ವರ್ಣದಿಂದ ಕೊನೆಯ ಮಂಗಳದವರೆಗೆ ಕೇಳಿ. ರಾಮನವಮಿಗೆ ಎಂಟು ಹತ್ತು ಇಟ್ಟುಕೊಳ್ಳಿ. ಗಣೇಶನ ಹಬ್ಬದ ಕಚೇರಿಗಳಿಗೆ ಮೈಸೂರಿನ ಒಂಟಿಕೊಪ್ಪಲು ಎಂಟನೇ ಕ್ರಾಸಿಗೆ ಒಂದೆರಡು ದಿನ ಹೋಗಿಬನ್ನಿ. 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜದ ವಾರ್ಷಿಕ ಸಮ್ಮೇಳನದಲ್ಲಿ ಬೆಳಗಿನ ಪ್ರಾತ್ಯಕ್ಷಿಕೆ (ಹಾಡಿ ತೋರಿಸುತ್ತ ವಿವರಿಸುವ ಉಪನ್ಯಾಸ) ಇದ್ದರೆ ಬಿಡಬೇಡಿ, ಕಲಿಯದವರಿಗೆ ಸಂಜೆಯ ಕಚೇರಿಗಿಂತ ಅದೇ ಹೆಚ್ಚು ಉಪಯೋಗ. ಡಿಸೆಂಬರಿನಲ್ಲಿ ಮದರಾಸಿಗೆ ಹೋಗುವುದಾದರೆ ದಿನಕ್ಕೆ ಎರಡೇ. ಮಧ್ಯಾಹ್ನದ ಕಿರಿಯರ ಕಚೇರಿಗಳು ಬಹುತೇಕ ಉಚಿತ, ದೊಡ್ಡ ಹೆಸರುಗಳಿಗೆ ಟಿಕೆಟ್ಟು ಮೊದಲೇ ತೆಗೆದಿರಬೇಕು. ಪುಷ್ಯ ಬಹುಳ ಪಂಚಮಿ ತ್ಯಾಗರಾಜರ ಆರಾಧನೆ, ಅಲ್ಲಿಂದ ಹತ್ತು ತಿಥಿಗೆ ಅಮಾವಾಸ್ಯೆ, ಪುರಂದರದಾಸರದು. ತ್ಯಾಗರಾಜರ ಪಂಚರತ್ನ ಕೃತಿಗಳ ನಾಟ, ಗೌಳ, ಆರಭಿ, ವರಾಳಿ, ಶ್ರೀ ಐದನ್ನೂ ಒಟ್ಟಿಗೆ ಕೇಳಿ ರಾಗ ಗಟ್ಟಿ ಮಾಡಿಕೊಳ್ಳಲು ಮೊದಲನೆಯ ದಿನ ಹೇಳಿ ಮಾಡಿಸಿದ್ದು. ಗೋಷ್ಠಿಯಲ್ಲಿ ಸಾಹಿತ್ಯ ನಿಧಾನ, ಎಲ್ಲರದೂ ಒಂದೇ ಪಾಠ. ಪುಸ್ತಕದಲ್ಲಿ ಸಾಹಿತ್ಯ ಮೊದಲೇ ಬರೆದುಕೊಂಡು ಹೋಗಿ.