ಬೆಟ್ಟದ ಕಲ್ಲಿನಿಂದ ಪ್ರೋಟಾನ್ ಏಕೆ ಬರುವುದಿಲ್ಲ?

ಪ್ರಶ್ನೆ: ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇವೆ, ಅವುಗಳಿಂದ ಆಲ್ಫಾ, ಬೀಟಾ, ಗಾಮಾ ಹೊರಬರುತ್ತವೆ ಎಂದು ಓದಿದ್ದೇವೆ. ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್ ತುಂಬಿರುವಾಗ ಒಂಟಿ ಪ್ರೋಟಾನ್ ಏಕೆ ಬರುವುದಿಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸರಸ್ವತೀಪುರಂ, ಮೈಸೂರು

ಉತ್ತರ: ಯುರೇನಿಯಂ-238ರಿಂದ ಒಂದು ಪ್ರೋಟಾನ್ ಕೀಳಲು ನಾವೇ ಸುಮಾರು 7.6 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಕೊಡಬೇಕು. ಆಲ್ಫಾದ ಲೆಕ್ಕ ಬೇರೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಿಗೆ ಬೆಸೆದರೆ 28.3 ಎಂಇವಿ ಸಿಗುತ್ತದೆ; ನಾಲ್ಕನ್ನೂ ಕೀಳುವ ಖರ್ಚು ಕಳೆದು 4.27 ಎಂಇವಿ ಉಳಿಯುತ್ತದೆ.

ಪ್ರೋಟಾನ್ ತಾನಾಗಿ ಹೊರಡಬೇಕಾದರೆ ನ್ಯೂಟ್ರಾನ್ ತೀರಾ ಕಡಿಮೆಯಿರುವ ನ್ಯೂಕ್ಲಿಯಸ್ ಬೇಕು. ಅಂಥದ್ದು ಕಲ್ಲಿನಲ್ಲಿ ಉಳಿದಿರುವುದಿಲ್ಲ, ತಯಾರಿಸಿಕೊಳ್ಳಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1980ರ ದಶಕದ ಆರಂಭದಲ್ಲಿ ರುಥೇನಿಯಂ-96ರ ಮೇಲೆ ನಿಕ್ಕಲ್-58 ಅಯಾನುಗಳನ್ನು ಹಾಯಿಸಿದರು. ಎರಡೂ ಬೆಸೆದು, ಒಂದು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನ್ ಉದುರಿ ಲುಟೀಷಿಯಂ-151 ಉಳಿಯಿತು. ಸ್ಥಿರವಾದ ಲುಟೀಷಿಯಂ-175ಕ್ಕಿಂತ ಇದರಲ್ಲಿ 24 ನ್ಯೂಟ್ರಾನ್ ಕಡಿಮೆ. ಇದು 1.23 ಎಂಇವಿಯ ಪ್ರೋಟಾನ್ ಬಿಟ್ಟು ಇಟ್ಟರ್ಬಿಯಂ-150 ಆಗುತ್ತದೆ. ಅರ್ಧಾಯುಷ್ಯ (ಅರ್ಧದಷ್ಟು ನ್ಯೂಕ್ಲಿಯಸ್ಸುಗಳು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 80 ಮಿಲಿಸೆಕೆಂಡ್. ಇದಕ್ಕೂ ಮುಂಚೆ, 1970ರಲ್ಲೇ, ಕೋಬಾಲ್ಟ್-53ರ ಉದ್ರಿಕ್ತ (ಹೆಚ್ಚುವರಿ ಶಕ್ತಿಯ) ಸ್ಥಿತಿಯೊಂದರಲ್ಲಿ ಈ ಬಗೆಯ ಕ್ಷಯ ಕಂಡಿತ್ತು.

ಪ್ರಶ್ನೆ: ಹೊರಡಲು ಶಕ್ತಿಯಿದ್ದರೂ 80 ಮಿಲಿಸೆಕೆಂಡ್ ತಡವೇಕೆ? ಒಂದೊಂದೇ ಪ್ರೋಟಾನನ್ನು ಹಿಡಿಯುವುದು ಹೇಗೆ?
– ಪಿಯು ಉಪನ್ಯಾಸಕರು, ಮಂಡ್ಯ

ಉತ್ತರ: ವಿದ್ಯುದಾವೇಶದ ತಡೆಗೋಡೆಯನ್ನು ಪ್ರೋಟಾನ್ ಹತ್ತಿ ದಾಟುವುದಿಲ್ಲ, ಕ್ವಾಂಟಮ್ ನಿಯಮದಂತೆ ಒಳಗಿನಿಂದಲೇ ತೂರಿ ಬರುತ್ತದೆ. ಕೋನೀಯ ಸಂವೇಗ ಹೆಚ್ಚಿದ್ದರೆ ಗೋಡೆ ಇನ್ನಷ್ಟು ದಪ್ಪ. ತರಗತಿಯಲ್ಲಿ ಹೇಳಲು ಥೂಲಿಯಂ-147ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ಮೂಲಸ್ಥಿತಿಯಲ್ಲಿ ಪ್ರೋಟಾನಿನ ಎಲ್ (ಕೋನೀಯ ಸಂವೇಗದ ಕ್ವಾಂಟಮ್ ಸಂಖ್ಯೆ) 5, ಶಕ್ತಿ 1.05 ಎಂಇವಿ, ಅರ್ಧಾಯುಷ್ಯ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಉದ್ರಿಕ್ತ ಸ್ಥಿತಿಯಲ್ಲಿ ಎಲ್ 2, ಶಕ್ತಿ 1.12 ಎಂಇವಿ, ಅರ್ಧಾಯುಷ್ಯ ಬರೀ 360 ಮೈಕ್ರೊಸೆಕೆಂಡ್! ಶಕ್ತಿಯ ಅಷ್ಟು ಸಣ್ಣ ಏರಿಕೆಯಿಂದಲೇ ಇಷ್ಟು ಅಂತರ ಬರುವುದಿಲ್ಲ. ಹಾಗಾಗಿಯೇ ಅರ್ಧಾಯುಷ್ಯ ಅಳೆದರೆ ಪ್ರೋಟಾನ್ ಯಾವ ಕಕ್ಷೆಯಲ್ಲಿತ್ತೆಂದು ಹೇಳಬಹುದು.

ಹಿಡಿಯಲು ಸುಮಾರು 60–70 ಮೈಕ್ರಾನ್ ದಪ್ಪದ ಸಿಲಿಕಾನ್ ಡಿಟೆಕ್ಟರ್ ಬೇಕು. ಮುಂದೆ ಅಡ್ಡಪಟ್ಟಿ, ಹಿಂದೆ ಉದ್ದಪಟ್ಟಿ. ಎರಡೂ ಸೇರಿ ಚೌಕುಳಿ. ಬೆಸುಗೆಯಲ್ಲಿ ಹುಟ್ಟಿದ ಲುಟೀಷಿಯಂ-151 ಅಯಾನು ಬಂದು ಹೂತ ಚೌಕದಲ್ಲೇ ಆಮೇಲೆ 1.2 ಎಂಇವಿ ಸಂಕೇತ ಬಂದರೆ ಎರಡನ್ನೂ ಜೋಡಿಸುತ್ತಾರೆ. ಈ ಪ್ರೋಟಾನ್ ಸಿಲಿಕಾನಿನಲ್ಲಿ ಇಪ್ಪತ್ತು ಮೈಕ್ರಾನ್ ಚಿಲ್ಲರೆ ದೂರದಲ್ಲೇ ನಿಲ್ಲುತ್ತದೆ, ಬೀಟಾ ಕಣ ಅಲ್ಪ ಶಕ್ತಿಯನ್ನಷ್ಟೇ ಬಿಟ್ಟು ಆಚೆ ಹೋಗುತ್ತದೆ. ತೆಳು ಹಾಳೆಯೇ ಬೇಕೆನ್ನುವುದು ಅದಕ್ಕೆ.

ಎಡವುವುದು ಮುಖ್ಯವಾಗಿ ಎರಡು ಕಡೆ. ಒಂದೇ ಚೌಕಕ್ಕೆ ಅಯಾನುಗಳು ಬೇಗಬೇಗ ಬಂದರೆ ಯಾವ ಪ್ರೋಟಾನ್ ಯಾರದ್ದೆಂಬ ಲೆಕ್ಕ ತಪ್ಪುತ್ತದೆ. ಎರಡು ಅಯಾನುಗಳ ನಡುವಿನ ಬಿಡುವು ಅರ್ಧಾಯುಷ್ಯದ ಹಲವು ಪಟ್ಟು ಇರಲೇಬೇಕು. ಇನ್ನೊಂದು, ಅಯಾನು ಮೇಲ್ಮೈಗೆ ಹತ್ತಿರವೇ ಹೂತಿರುವುದರಿಂದ ಹಿಮ್ಮುಖವಾಗಿ ಹಾರಿದ ಪ್ರೋಟಾನ್ ಪೂರ್ತಿ ಶಕ್ತಿ ಬಿಡದೆ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಎದುರಿಗೆ ಸುತ್ತಲೂ ಮತ್ತಷ್ಟು ಸಿಲಿಕಾನ್ ಫಲಕಗಳನ್ನು ನಿಲ್ಲಿಸಿ, ಎರಡೂ ಕಡೆಯ ಶಕ್ತಿಯನ್ನು ಕೂಡಿಸುತ್ತಾರೆ.