ಗೋಡೆಯಷ್ಟು ದೊಡ್ಡ ಕಾಗದದ ಕೃತಿ ಹರಿಯುವುದಿಲ್ಲವೇ?

ಟೊರೊಂಟೊದ ಮುದ್ರಣ ಕಲಾವಿದೆ ಅಲೆಕ್ಸಾ ಕುಮಿಕೊ ಹಟನಾಕಾ ಅವರ ಗೋಡೆ ತುಂಬುವ ಕೃತಿಗಳ ಚಿತ್ರ ನೋಡಿ, "ಇದೆಲ್ಲ ಬರೀ ಕಾಗದವೇ? ಹರಿಯುವುದಿಲ್ಲವೇ? ಇಷ್ಟು ದೊಡ್ಡದನ್ನು ಯಾವ ಯಂತ್ರದಲ್ಲಿ ಅಚ್ಚು ಹಾಕುತ್ತಾರೆ?" ಎಂದು ಕೇಳಿದ್ದೀರಿ. ನಾನೂ ಲಿನೋ ಎಂಬ ಮೆತ್ತನೆಯ, ಸುಲಭವಾಗಿ ಕೆತ್ತಬಹುದಾದ ಹಾಳೆಯಲ್ಲಿ ಅಚ್ಚು ಕೊರೆಯುವವನು. ಹಾಗಾಗಿ ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು.

ಯಂತ್ರದ ಮಾತನ್ನು ಮೊದಲು ಮುಗಿಸುತ್ತೇನೆ. ಉಬ್ಬು ಅಚ್ಚಿಗೆ, ಅಂದರೆ ಕೊರೆಯದೆ ಉಳಿಸಿದ ಉಬ್ಬು ಭಾಗಕ್ಕೆ ಮಾತ್ರ ಶಾಯಿ ಹಚ್ಚಿ ಮೂಡಿಸುವ ಅಚ್ಚಿಗೆ, ಯಂತ್ರವೇ ಬೇಕಿಲ್ಲ. ಶಾಯಿ ಹಚ್ಚಿದ ಅಚ್ಚಿನ ಮೇಲೆ ತೆಳು ಕಾಗದ ಹಾಸಿ, ಹಿಂಬದಿಯಿಂದ ಕೈಯಲ್ಲಿ ಉಜ್ಜಿದರೆ ಸಾಕು. ಅಚ್ಚು ತೋಳಳತೆಯದೇ ಇರಬಹುದು. ಹಾಳೆಗೆ ಹಾಳೆ ಅಂಟಿಸುತ್ತ, ಹೊಲಿಯುತ್ತ ಹೋದಂತೆ ಕೃತಿ ಬೆಳೆಯುತ್ತದೆ.

ನಿಜವಾದ ಗುಟ್ಟಿರುವುದು ಕಾಗದದಲ್ಲಿ. ಹಟನಾಕಾ ಬಳಸುವುದು ವಾಶಿ ಎಂಬ ಜಪಾನಿನ ಸಾಂಪ್ರದಾಯಿಕ ಕಾಗದ. ಇದಕ್ಕೆ ಹೆಚ್ಚಾಗಿ ಕೋಜೊ ಗಿಡದ ಒಳತೊಗಟೆಯ ನಾರು ಬೇಕು. ಕೋಜೊ ನಮ್ಮ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಗಿಡ. ಸಾಮಾನ್ಯ ಕಾಗದದಲ್ಲಿರುವ ಮರದ ತಿರುಳಿನ ನಾರು ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಕೋಜೊ ನಾರು ಸುಮಾರು ಹತ್ತು ಮಿಲಿಮೀಟರ್ ಉದ್ದ. ಉದ್ದದ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಹಾಳೆ ತೆಳುವಾದರೂ ಗಟ್ಟಿ.

ಅದರ ಮೇಲೆ ಕೊನ್ಯಾಕು ಗಂಜಿಯ ಲೇಪ. ಕೊನ್ಯಾಕು ಒಂದು ಗಡ್ಡೆ, ನಮ್ಮ ಸುವರ್ಣಗಡ್ಡೆಯ ಕುಲದ್ದೇ. ಅದರ ಪುಡಿಯನ್ನು ನೀರಿನಲ್ಲಿ ಕದಡಿ, ಹಾಳೆಯ ಎರಡೂ ಬದಿಗೆ ಬಳಿದು ಒಣಗಿಸಿ, ಕೈಯಲ್ಲಿ ಮುದ್ದೆ ಮಾಡಿ ಹಿಸುಕುತ್ತಾರೆ. ನಾನು ಮೊದಲ ಸಲ ಹೀಗೆ ಹಿಸುಕುವಾಗ, ಒಂದು ವಾರದ ಕೆಲಸ ಹಾಳಾಯಿತೆಂದೇ ಅಂದುಕೊಂಡಿದ್ದೆ. ಬಿಡಿಸಿ ನೋಡಿದರೆ ಎಲ್ಲೂ ಹರಿದಿರಲಿಲ್ಲ. ಹತ್ತಾರು ಸಲ ಒಗೆದ ಹತ್ತಿ ಸೀರೆಯಂತೆ ಮೆತ್ತಗಾಗಿತ್ತು. ಹೀಗೆ ಹದ ಮಾಡಿದ ಕಾಗದದಿಂದ ಜಪಾನಿನಲ್ಲಿ ಉಡುಪನ್ನೇ ಹೊಲಿಯುತ್ತಿದ್ದರು. ಅದಕ್ಕೆ ಕಾಮಿಕೊ ಎಂದು ಹೆಸರು. ಹಟನಾಕಾ ಕೂಡ ಅಂಥ ಉಡುಪುಗಳನ್ನು ಮಾಡಿದ್ದಾರೆ.

ಈ ಕಾಗದದ ತಾಳಿಕೆಗೆ ಒಂದು ಕಹಿ ಸಾಕ್ಷಿಯೂ ಇದೆ. 1944–45ರಲ್ಲಿ ಜಪಾನ್ ಬಾಂಬು ಕಟ್ಟಿ ಹಾರಿಬಿಟ್ಟ, ಸುಮಾರು ಹತ್ತು ಮೀಟರ್ ಅಗಲದ ಬಲೂನುಗಳಲ್ಲಿ ಹೆಚ್ಚಿನವು ಕೊನ್ಯಾಕು ಅಂಟಿನಿಂದ ಪದರ ಪದರವಾಗಿ ಜೋಡಿಸಿದ ವಾಶಿಯವು. ಅವುಗಳಲ್ಲಿ ಕೆಲವು ಪೆಸಿಫಿಕ್ ಸಾಗರ ದಾಟಿ ಕೆನಡಾದಲ್ಲೂ ಬಿದ್ದವು.

ಕೆನಡಾಕ್ಕೆ ವಾಶಿಯ ಇನ್ನೊಂದು ನಂಟು ಉತ್ತರ ಧ್ರುವ ಪ್ರದೇಶದ ಕಿಂಗೈಟ್ ಊರಿನದು. 1958ರಲ್ಲಿ, ಆ ಊರಿನಲ್ಲಿದ್ದ ಕೆನಡಾದ ಕಲಾವಿದ ಜೇಮ್ಸ್ ಹ್ಯೂಸ್ಟನ್ ಜಪಾನಿಗೆ ಹೋಗಿ ಮುದ್ರಣ ಕಲಾವಿದ ಉನಿಚಿ ಹಿರಾತ್ಸುಕಾ ಅವರಲ್ಲಿ ಮರದಚ್ಚಿನ ವಿದ್ಯೆ ಕಲಿತು ಬಂದರು. ಕಿಂಗೈಟ್‌ನ ಇನುಯಿಟ್ ಮೂಲನಿವಾಸಿ ಕಲಾವಿದರು ಕಲ್ಲಿನಲ್ಲಿ ಕೊರೆದ ಅಚ್ಚನ್ನು ಜಪಾನಿ ಕಾಗದದ ಮೇಲೆ ಮೂಡಿಸಿ ಹೆಸರಾದರು. ಹಟನಾಕಾ ಅದೇ ಊರಿನ ಎಳೆಯರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಕೃತಿಯ ಮುಂದೆ ನಿಲ್ಲುವ ಅವಕಾಶ ಸಿಕ್ಕರೆ ಹಾಳೆಗಳು ಕೂಡುವ ಜಾಗವನ್ನು ಹತ್ತಿರದಿಂದ ನೋಡಿ. ನನ್ನ ಕಣ್ಣು ಚಿತ್ರಕ್ಕಿಂತ ಮೊದಲು ಹೋಗುವುದು ಅಲ್ಲಿಗೇ.