ಮಗ ಒಂದು ಕಡೆ ಕೂರಲ್ಲ, ಅಂಗಿ ಕಾಲರ್ ಕಚ್ಚುತ್ತಾನೆ

ಪ್ರಶ್ನೆ: ಮಗನಿಗೆ 6 ವರ್ಷ, ಒಂದನೇ ಕ್ಲಾಸು. ಒಂದು ನಿಮಿಷ ಸುಮ್ನೆ ಕೂರಲ್ಲ. ಸೋಫಾದಿಂದ ಹಾರುತ್ತಾನೆ, ಬೇಕಂತಲೇ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ, ತಂಗಿಯನ್ನು ಉಸಿರುಗಟ್ಟುವಂತೆ ಅಪ್ಪಿಕೊಳ್ಳುತ್ತಾನೆ. ಶಾಲೆಯಿಂದ ಬರುವಾಗ ಅಂಗಿ ಕಾಲರ್ ಎಂಜಲಲ್ಲಿ ಒದ್ದೆ. ಟೀಚರ್ ದಿನಾ ದೂರು ಹೇಳುತ್ತಾರೆ. ‘ನಾಲ್ಕು ಬಾರಿಸಿದ್ರೆ ಸರಿಹೋಗ್ತಾನೆ’ ಅಂತಾರೆ ಅತ್ತೆ. ಕಳೆದ ವಾರ ಹೊಡೆದೂ ಬಿಟ್ಟೆ. ಇವನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಹೊಡೆದದ್ದು ನಿಮ್ಮನ್ನು ಕೊರೆಯುತ್ತಿದೆ ಅಲ್ವಾ? ಇವತ್ತು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, ‘ಅಮ್ಮ ಹೊಡೆದದ್ದು ತಪ್ಪು ಕಂದಾ’ ಎಂದುಬಿಡಿ. ಅವನಿಗೂ ಹಗುರವಾಗುತ್ತದೆ, ನಿಮಗೂ.

ಇಂದ್ರಿಯಗಳು ಐದು ಅಂತ ನಾವೆಲ್ಲ ಕಲಿತಿದ್ದೇವೆ. ಅವಲ್ಲದೆ ಇನ್ನೂ ಇವೆ. ತೂಗಾಟ, ತಿರುಗಾಟ ತಿಳಿಯುವುದು ಒಳಕಿವಿಯಿಂದ. ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕುತ್ತಿದ್ದೇವೆ ಅಂತ ತಿಳಿಯುವುದು ಸ್ನಾಯು, ಕೀಲುಗಳಿಂದ. ಕಣ್ಣು ಮುಚ್ಚಿದರೂ ತುತ್ತು ನೇರ ಬಾಯಿಗೆ ಹೋಗುವುದು ಇದರಿಂದಲೇ. ಕೆಲವು ಮಕ್ಕಳಿಗೆ ಈ ಅನುಭವ ಎಷ್ಟಿದ್ದರೂ ಸಾಲದು. ಅದಕ್ಕೇ ಹಾರುತ್ತಾರೆ, ಗುದ್ದುತ್ತಾರೆ, ಬಿಗಿಯಾಗಿ ಅಪ್ಪುತ್ತಾರೆ, ಕಚ್ಚುತ್ತಾರೆ. ಥೆರಪಿಸ್ಟ್‌ಗಳು ಇದನ್ನು ‘ಸೆನ್ಸರಿ ಸೀಕಿಂಗ್’ ಅನ್ನುತ್ತಾರೆ. ಇದು ಸ್ವತಃ ಒಂದು ಕಾಯಿಲೆಯಲ್ಲ. ನಿಮ್ಮ ಮಗನ ಲಕ್ಷಣಗಳು ಇದಕ್ಕೆ ತುಂಬಾ ಹತ್ತಿರ ಇವೆ.

ಹಾಗಾಗಿ, ಅವನು ಗೋಡೆಗೆ ಗುದ್ದುವ ಮೊದಲೇ ಮೈಗೆ ಕೆಲಸ ಕೊಡಿ. ಚಪಾತಿ ಹಿಟ್ಟು ನಾದಿಸಿ. ಅರ್ಧ ಬಕೆಟ್ ನೀರು ಹೊರಿಸಿ ಗಿಡಗಳಿಗೆ ಹಾಕಿಸಿ. ಬೆಳಿಗ್ಗೆ ಹಾಸಿಗೆ ಸುತ್ತುವುದು ಅವನದೇ ಕೆಲಸವಾಗಲಿ. ಬಾಯಿಗೆ ಕೋಡುಬಳೆ, ಕ್ಯಾರೆಟ್, ಕಬ್ಬಿನ ಚೂರು ಸಿಕ್ಕರೆ ಕಾಲರ್ ಸ್ವಲ್ಪ ಉಳಿಯುತ್ತದೆ. ಶಾಲೆಗೆ ಹೋಗುವ ಮುಂಚೆ ಹತ್ತು ನಿಮಿಷ ಜೋಕಾಲಿಯೋ ಕುಂಟೆಬಿಲ್ಲೆಯೋ ಆಡಲಿ. ತಂಗಿಯ ಬದಲು ದಿಂಬನ್ನು ಅಪ್ಪಿಕೊಳ್ಳಲಿ, ಇಲ್ಲವೇ ನಿಮ್ಮನ್ನೇ. ಎರಡು ವಾರ ಹೀಗೆ ಮಾಡಿ, ಯಾವುದಾದ ಮೇಲೆ ತಣ್ಣಗಾದ, ಯಾವುದಾದ ಮೇಲೆ ಇನ್ನೂ ಜಾಸ್ತಿ ಕುಣಿದ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿರುಗುವ ಆಟ ಕೆಲವು ಮಕ್ಕಳನ್ನು ಕೆರಳಿಸುತ್ತದೆ.

ಇನ್ನು ಎಡಿಎಚ್‌ಡಿ. ಪತ್ರ ಓದಿ ಹೌದು, ಅಲ್ಲ ಎನ್ನಲು ನನಗೆ ಮನಸ್ಸಿಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ, ಶಾಲೆ ಎರಡೂ ಕಡೆ ಕಾಣಬೇಕು, ಕಲಿಕೆಗೋ ಒಡನಾಟಕ್ಕೋ ಅಡ್ಡಿ ಬರುತ್ತಿರಬೇಕು. ವೈದ್ಯರು ಅದನ್ನೆಲ್ಲ ನೋಡಿಯೇ ಹೇಳುತ್ತಾರೆ. ಮೈ ದಣಿದ ಮೇಲೂ ಒಂದು ಪುಟ್ಟ ಕತೆ ಪೂರ್ತಿ ಕೇಳಲಾಗದಿದ್ದರೆ, ಹೇಳಿದ್ದು ತಕ್ಷಣ ಮರೆಯುತ್ತಿದ್ದರೆ ಖಂಡಿತ ತೋರಿಸಿ. ಸೆನ್ಸರಿ ಸೀಕಿಂಗ್, ಎಡಿಎಚ್‌ಡಿ ಎರಡೂ ಒಟ್ಟಿಗೆ ಇರುವ ಮಕ್ಕಳೂ ಇದ್ದಾರೆ. ಮಾತು ಅಥವಾ ಬೇರೆ ಮಕ್ಕಳ ಜೊತೆ ಬೆರೆಯುವುದು ಕಷ್ಟವಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮನೆಯಿಂದಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ.

ಅತ್ತೆಯವರ ಜೊತೆ ವಾದ ಬೇಡ. ಹಿಟ್ಟು ನಾದುವಾಗ ಮೊಮ್ಮಗನನ್ನು ಅವರ ಪಕ್ಕದಲ್ಲೇ ಕೂರಿಸಿ. ಟೀಚರ್‌ಗೆ ಒಂದೇ ಕೋರಿಕೆ ಇಡಿ: ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ, ನೋಟ್‌ಬುಕ್ ಕಟ್ಟು ಸ್ಟಾಫ್ ರೂಮಿಗೆ ಸಾಗಿಸುವ ಕೆಲಸ ಅವನಿಗೆ ಕೊಡಿ ಅಂತ. ಕಾಲರ್ ಕಚ್ಚುವುದು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಬ್ಯಾಗಿನಲ್ಲಿ ಒಂದು ಒಣ ಅಂಗಿ ಇಟ್ಟು ಕಳಿಸಿ.